ಚಿಕ್ಕಮ್ಮ ತಿನ್ನದ ಚಕ್ಕೋತ

ಚಕ್ಕೋತದ ತೊಳೆ ಬಿಡಿಸಿ ಬಾಯಿಯ ಹತ್ತಿರ ಹಿಡಿದರೆ, ಆ ಹಣ್ಣೆಂದರೆ ಪ್ರಾಣ ಬಿಡುವ ನಮ್ಮ ಚಿಕ್ಕಮ್ಮ ಮುಖ ತಿರುಗಿಸಿದರು. ಮಿದುಳಿನಲ್ಲಿ ರಕ್ತಸ್ರಾವವಾಗಿ, ಆಸ್ಪತ್ರೆಯಿಂದ ಅರಸೀಕೆರೆಯ ಮನೆಗೆ ಮರಳಿದ್ದ ಅವರಿಗೆಂದೇ ಅದನ್ನು ಅರೇಹಳ್ಳಿಯ ನಮ್ಮ ಮನೆಯ ಮರದಿಂದ ಕಿತ್ತು, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದೆ.

“ಈ ಮಾತ್ರೆ ಮುಗಿಯೋವರೆಗೂ ಚಕ್ಕೋತ ಬೇಡ ಅಂದಿದಾರೆ ಡಾಕ್ಟ್ರು. ಎರಡೂ ಸೇರಿದ್ರೆ ಮಾತ್ರೆ ಪವರ್ ಜಾಸ್ತಿಯಾಗಿ ಬಿಪಿ ತೀರಾ ಇಳಿದುಬಿಡುತ್ತಂತೆ ಕಣೇ.”

ಹಣ್ಣಿಗೂ ಮಾತ್ರೆಗೂ ಇಂಥ ಸಂಬಂಧವಿರುತ್ತದೆಂದು ನಾನು ಕೇಳಿಯೇ ಇರಲಿಲ್ಲ. ತಂದದ್ದು ವ್ಯರ್ಥವಾಗಬಾರದೆಂದು, ಇವತ್ತೊಂದು ಹೊತ್ತು ಮಾತ್ರೆಯನ್ನೇ ಬಿಟ್ಟರಾಗದೇ ಎಂದುಬಿಟ್ಟೆ.

“ಬಿಟ್ರೆ ತಲೆಯೊಳಗಿನ ರಕ್ತನಾಳ ಬಿಗಿದ್ಕೋಬೋದಂತೆ. ಹೊತ್ತಿಗೆ ಸರಿಯಾಗಿ ನುಂಗ್ಲೇಬೇಕು,” ಎಂದ ಚಿಕ್ಕಮ್ಮ ಮಂಚದ ಅಂಚಿನಲ್ಲಿ ಸ್ವಲ್ಪ ಕೂತು, ತಲೆ ಸುತ್ತುತ್ತಿಲ್ಲವೆಂದು ಖಾತ್ರಿಯಾದ ಮೇಲೆ ನಿಧಾನವಾಗಿ ಎದ್ದು, ಮಾತ್ರೆ ನುಂಗಿ ಬಂದರು. ತೊಳೆಗಳನ್ನು ನನಗೇ ತಿನ್ನಲು ಹೇಳಿ, ಸಿಪ್ಪೆಯನ್ನು ಮಾತ್ರ ತಲೆದಿಂಬಿನ ಪಕ್ಕ ಇಟ್ಟುಕೊಂಡರು. ವಾಸನೆ ನೋಡಬೇಡ ಎಂದು ಅವರಿಗೆ ಯಾರೂ ಹೇಳಿರಲಿಲ್ಲವಂತೆ.

ಈಗ ಕಾಯಿಲೆಯವರನ್ನು ನೋಡಲು ಹೊರಟರೆ, ಏನು ತರಬಹುದೆಂದು ಮೊದಲು ಫೋನ್ ಮಾಡಿ ಕೇಳುತ್ತೇನೆ. ನಮ್ಮ ಮರದ ತುದಿಯಲ್ಲಿರುವ ಒಂದು ಚಕ್ಕೋತವನ್ನು ಮಾತ್ರ ಯಾರಿಗೂ ಕೀಳಲು ಬಿಟ್ಟಿಲ್ಲ. ಚಿಕ್ಕಮ್ಮನ ಮಾತ್ರೆ ಮುಗಿಯಬೇಕು.