ಮಾಸ್ತಿಯ ಹೆಸರಿನಲ್ಲಿ ಓಡಿದ ಬಾಣ

ಅವರ್ಸಾದ ಧನಲಕ್ಷ್ಮಿ ಕಾರವಾರದ ಒಂದು ಆಫೀಸಿಗೆ ಸೇರಿ ಹದಿನೆಂಟು ವರ್ಷವಾಗಿತ್ತು. ಗದ್ದೆಯ ನಟ್ಟಿ ಕೂಲಿಗೆ ಹೋಗುವ ತಾಯಿಯ ಮಗಳು. ಪಿಯುಸಿ ಮುಗಿಸಿ, ಅಂಕೋಲೆಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತು ಬಂದವಳು. ಆಫೀಸೇನೂ ದೊಡ್ಡದಲ್ಲ. ಹಡಗಿನ ಕೆಲಸಕ್ಕೆ ಹೋಗುವ ಹುಡುಗರ ಪಾಸ್‌ಪೋರ್ಟು, ಡಾಕ್ಟರ ಸರ್ಟಿಫಿಕೇಟು, ಬ್ಯಾಂಕಿನ ಪುಸ್ತಕದ ಪ್ರತಿ ಎಲ್ಲವನ್ನೂ ಒಂದೇ ಕಂಪ್ಯೂಟರಿನಲ್ಲಿ ಜೋಪಾನ ಮಾಡಿ, ಬೇಕಾದಾಗ ಹಡಗಿನವರಿಗೆ ಕೊಡುವ ಜಾಗ. ಯಜಮಾನ ನಾಗೇಶ. ತಿರುಗಾಟಕ್ಕೆ ನಾಲ್ಕು ಜನ. ಇವರು ವಾಸ್ಕೋಕ್ಕೋ ಮುಂಬೈಗೋ ಹೋದರೆ ಅಲ್ಲಿಂದಲೇ ತಮ್ಮ ಲ್ಯಾಪ್‌ಟಾಪಿನಲ್ಲಿ ಕಾರವಾರದ ಈ ಕಂಪ್ಯೂಟರನ್ನು ತೆರೆದು ಕೆಲಸ ಮಾಡುತ್ತಿದ್ದರು. ಇಲ್ಲಿ ಕುರ್ಚಿ ಖಾಲಿ; ಪರದೆಯ ಮೇಲೆ ಬಾಣದ ಗುರುತು ಮಾತ್ರ ತನ್ನಷ್ಟಕ್ಕೆ ಓಡಾಡುವುದು. ಒಳಗೆ ಬಂದವರು ಯಾರೆಂಬುದು ಪರದೆಯ ಮೂಲೆಯಲ್ಲಿ ಕಾಣುವುದು.

ನಾಲ್ವರಲ್ಲಿ ಹಿರಿಯ, ಸದಾಶಿವಗಡದ ಮಾಸ್ತಿ. ಧನಲಕ್ಷ್ಮಿಗೆ ಆ ಕೆಲಸ ಕೊಡಿಸಿದವನೇ ಅವನು. ಮೊದಲ ದಿನ ಅವಳು ಕೀಲಿಮಣೆಯ ಮೇಲೆ ಬೆರಳಿಡಲು ಹೆದರಿದಾಗ, "ಒತ್ತೇ ತಂಗಿ. ಅದೇನ್ ಏಡಿಯಾ, ಕಚ್ಚೂಕೆ?" ಎಂದಿದ್ದ.

ಆ ವರ್ಷ ಮಳೆಗಾಲದಲ್ಲಿ ನಾಗೇಶ ಅವಳಿಗೊಂದು ಕೆಲಸ ವಹಿಸಿದ. ದೂರದಿಂದ ಕಂಪ್ಯೂಟರ್ ತೆರೆಯುವವರಿಗೆ ಇನ್ನು ಪಾಸ್‌ವರ್ಡ್ ಒಂದೇ ಸಾಲದು. ಪ್ರತಿ ಸಲವೂ ಅವರವರ ಮೊಬೈಲಿಗೆ ಆರಂಕಿಯ ನಂಬರು ಬರಬೇಕು, ಅರ್ಧ ನಿಮಿಷದೊಳಗೆ ಅದನ್ನು ಹಾಕಿದರಷ್ಟೇ ಬಾಗಿಲು ತೆರೆಯಬೇಕು. ಪಾಸ್‌ವರ್ಡ್ ಕದ್ದವನಿಗೆ ಮೊಬೈಲು ಸಿಗುವುದಿಲ್ಲವಲ್ಲ, ಅದೇ ಲೆಕ್ಕ. ಮೂವರು ಎರಡೇ ದಿನದಲ್ಲಿ ಕಲಿತರು. ಮಾಸ್ತಿಗೆ ಹತ್ತಲಿಲ್ಲ.

"ನಾ ಕನ್ನಡಕ ಹುಡುಕೂದ್ರೊಳಗೆ ಆ ನಂಬರು ಸತ್ತೇ ಹೋಗ್ತದೆ ಮಾರಾಯ್ತಿ. ಇನ್ನೆರಡು ವರ್ಷದ ನೌಕರಿ ನಂದು. ನನ್ನೊಬ್ಬಂಗೆ ಹಳೇದೇ ಇರ್ಲಿ."

"ನಾಗೇಶಣ್ಣ ಕೇಳಿದ್ರೆ?"

"ಅಂವ ಕೇಳೂದು ಚಾ ಎಲ್ಲಿ ಅಂತ ಮಾತ್ರ."

ಅವಳಿಗೆ ನಗು ಬಂತು. ಅನ್ನಕ್ಕೆ ದಾರಿ ತೋರಿಸಿದವನಿಗೆ ಆಗುವುದಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ನಾಗೇಶ ಕೇಳಿದಾಗ, "ಎಲ್ಲರದ್ದೂ ಆಯ್ತು" ಎಂದುಬಿಟ್ಟಳು.

ಆಯುಧ ಪೂಜೆ ಬಂತು. ಆ ದಿನ ಯಾರಿಗೂ ತಿರುಗಾಟವಿಲ್ಲ, ನಾಲ್ವರೂ ಆಫೀಸಿನಲ್ಲೇ ಇದ್ದರು. ಕಂಪ್ಯೂಟರಿಗೆ ಗೊಂಡೆ ಹೂವಿನ ಮಾಲೆ, ಪರದೆಯ ಹಣೆಗೆ ಕುಂಕುಮ. ಕಪ್ಪು ಪರದೆಗೆ ಆರತಿ ಮಾಡುವುದು ಚಂದವಲ್ಲವೆಂದು ನಾಗೇಶ ಅದನ್ನು ಚಾಲೂ ಇಡಿಸಿದ್ದ. ಆರತಿಯಾದ ಮೇಲೆ ಮಾರನೆಯ ಬೆಳಗಿನವರೆಗೆ ಯಾರೂ ಯಾವ ಸಾಮಾನನ್ನೂ ಮುಟ್ಟುವ ಹಾಗಿಲ್ಲ. ಕತ್ತರಿಯಿಂದ ಕಂಪ್ಯೂಟರಿನವರೆಗೆ ಎಲ್ಲದಕ್ಕೂ ಅಂದು ರಜೆ. ಆರತಿ ಮುಗಿದು, ಹಿರಿಯನೆಂದು ಮಾಸ್ತಿಯೇ ಕಾಯಿ ಒಡೆದ.

ಆಗ ಬಾಣ ಓಡಿತು.

"ಪೂಜೆ ದಿನಾನೂ ಕೆಲ್ಸವಾ? ಯಾರೋ ಅದು?" ಎಂದು ನಾಗೇಶ ನಗುತ್ತ ಬಗ್ಗಿ ನೋಡಿದ. ಮೂಲೆಯಲ್ಲಿ ಮಾಸ್ತಿಯ ಹೆಸರಿತ್ತು.

ಎಲ್ಲರೂ ಮಾಸ್ತಿಯತ್ತ ತಿರುಗಿದರು. ಅವನ ಎರಡೂ ಕೈಯಲ್ಲಿ ಕಾಯಿಯ ಹೋಳು, ಕಾಯಿನೀರು ಮೊಣಕೈಗೆ ಇಳಿಯುತ್ತಿತ್ತು. "ನಾನಲ್ವೋ... ನಾ ಇಲ್ಲೇ ಇದ್ನಲ್ಲ!"

ಬಾಣ ಹುಡುಗರ ಕಾಗದಗಳನ್ನು ಒಂದೊಂದಾಗಿ ತೆರೆದು ನಕಲು ಮಾಡತೊಡಗಿತ್ತು. ಧನಲಕ್ಷ್ಮಿ ಮುಂದೆ ಹಾರಿದಳು.

"ಏ, ಮುಟ್ಬೇಡ! ಪೂಜೆ ಆಗಿದೆ!" ನಾಗೇಶ ಕೂಗಿದ.

ಅವಳ ಕೈ ಹಾಗೇ ನಿಂತಿತು. ಹುಟ್ಟಿದಾಗಿನಿಂದ ಪಾಲಿಸಿದ ಕಟ್ಟಳೆ. ಮನಸ್ಸು ಮುಟ್ಟು ಎಂದರೂ ಕೈಗೆ ಕಟ್ಟಳೆಯದೇ ನೆನಪು. ಅಷ್ಟರಲ್ಲಿ ಇನ್ನೂ ಕೆಲವು ಹುಡುಗರ ಹೆಸರು ಪರದೆಯ ಮೇಲೆ ಸರಿದು ಹೋದವು. ಆಮೇಲೆ ಅವಳು ನೆಟ್ಟಿನ ವಾಯರನ್ನು ಕಿತ್ತೆಳೆದಳು. ಮಾಲೆ ಹರಿದು ಹೂವು ನೆಲಕ್ಕೆ ಬಿತ್ತು, ಬಾಣ ನಿಂತಿತು.

ಲೆಕ್ಕ ಹಾಕಿದರೆ ಮೂವತ್ತೊಂದು ಹುಡುಗರ ಕಾಗದ ಹೋಗಿತ್ತು.

ಮಾಸ್ತಿ ಕಾಯಿಯ ಹೋಳು ಕೆಳಗಿಟ್ಟು ಬೆಂಚಿನ ಮೇಲೆ ಕೂತ. ಹಿಂದಿನ ವಾರ ವಾಸ್ಕೋದ ಲಾಡ್ಜಿನಲ್ಲಿ ತನ್ನ ಲ್ಯಾಪ್‌ಟಾಪು ಕೆಟ್ಟು, ಅಲ್ಲಿನವರ ಕಂಪ್ಯೂಟರಿನಲ್ಲೇ ಪಾಸ್‌ವರ್ಡ್ ಹಾಕಿ ಕೆಲಸ ಮಾಡಿದ್ದನ್ನು ಅವನೇ ಹೇಳಿದ.

"ಅಲ್ಲಿ ಪಾಸ್‌ವರ್ಡ್ ಕಳ್ಳರಿಗೆ ಸಿಕ್ಕಿದ್ರೂ ಮೊಬೈಲಿನ ನಂಬರು ಬೇಕಲ್ಲ?" ನಾಗೇಶನ ಧ್ವನಿ ತಣ್ಣಗಿತ್ತು. "ಅದ್ನೂ ಯಾರಿಗೋ ಕೊಟ್ಟಿದ್ದೆ ಅಂತಾಯ್ತು. ನಮ್ಮ ಹುಡುಗ್ರ ಕಾಗದ ಮಾರೂಕೆ ಹೊರಟ್ಯಾ ಮಾಸ್ತಿ? ಈ ವಯಸ್ಸಿಗೆ?"

ಮಾಸ್ತಿ ಬಾಯಿ ತೆರೆದ. ಧನಲಕ್ಷ್ಮಿಯನ್ನು ಒಮ್ಮೆ ನೋಡಿ ಮುಚ್ಚಿಕೊಂಡ. ಅವಳ ಹೆಸರು ಹೇಳಿದ್ದರೆ ಅವನು ಪಾರಾಗುತ್ತಿದ್ದ, ಹೇಳಲಿಲ್ಲ. ತಾನೂ ಸುಮ್ಮನಿದ್ದರೆ ತನ್ನ ಕೆಲಸ ಉಳಿಯುತ್ತದೆ, ಅವನು ಮಾತ್ರ ಕಳ್ಳನೆನ್ನಿಸಿಕೊಂಡು ಕಾಳಿ ನದಿಯ ಸೇತುವೆ ದಾಟಿ ಮನೆಗೆ ಹೋಗುತ್ತಾನೆ. ಧನಲಕ್ಷ್ಮಿ ನಾಗೇಶನ ಎದುರು ಬಂದು ನಿಂತಳು.

"ಅವ್ರಿಗೆ ಆ ನಂಬರು ನಾ ಹಾಕೇ ಇಲ್ಲ ನಾಗೇಶಣ್ಣ. ಹಾಕಿದೆ ಅಂತ ನಿಮ್ಗೆ ಸುಳ್ಳು ಹೇಳ್ದೆ."

"ನಾನೇ ಬೇಡ ಅಂದಿದ್ದು," ಎಂದ ಮಾಸ್ತಿ ತಲೆ ಎತ್ತದೆ.

"ನೀವು ಅಂದ್ರಿ. ಬಾಗಿಲು ತೆರೆದಿಟ್ಟವಳು ನಾನು."

ನಾಗೇಶ ನೆಲಕ್ಕೆ ಬಿದ್ದ ಹೂವನ್ನು ಹೆಕ್ಕಿ ಮೇಜಿನ ಮೇಲಿಟ್ಟ. ಆಮೇಲೆ, "ಮಾಸ್ತಿ, ಕಳ್ಳ ಅಂದದ್ದು ತಪ್ಪಾಯ್ತು," ಎಂದ. ಅವಳತ್ತ ತಿರುಗಿ, "ಪೊಲೀಸರಿಗೆ ನಾ ಬರ್ದು ಕೊಡ್ತೆ. ಆ ಮೂವತ್ತೊಂದು ಮನೆಗೆ ಹೋಗಿ ಹೇಳೂದು ನಿಂದು. ಫೋನು ಮಾಡೂದಲ್ಲ, ಎದುರು ನಿಂತು ಹೇಳ್ಬೇಕು. ನಿನ್ನ ಕೆಲ್ಸದ ಮಾತು ಆಮೇಲೆ."

ಮರುದಿನ ಅವಳು ಮೊದಲು ಮಾಸ್ತಿಯ ಹಳೆಯ ಪಾಸ್‌ವರ್ಡ್ ಅಳಿಸಿದಳು. ಅವನ ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಟ್ಟಳು. ಆರಂಕಿ ಹಾಕಲು ಅವನಿಗೆ ಐದು ಸಲ ಬೇಕಾಯಿತು. ಅವಳು ಪಕ್ಕದಲ್ಲೇ ಕಾದು ನಿಂತು, ಆಮೇಲೆ ಕಾಗದ ಹೋದ ಹುಡುಗರ ಮನೆಗಳಿದ್ದ ಕೋಡಿಬಾಗಕ್ಕೆ ಹೊರಟಳು.

ಮೊದಲ ಮನೆ ಗಂಗೆಯದು. ಅವಳ ಮಗ ನಿತೇಶ ಹಡಗಿನಲ್ಲಿದ್ದ. ಆಫೀಸಿನವಳನ್ನು ಕಂಡದ್ದೇ, ಒಣಮೀನು ಹರವುತ್ತಿದ್ದ ಗಂಗೆ ಕೈಯ ಮೀನು ಕೆಳಗಿಟ್ಟಳು. "ಮಗಂಗೆ ಎಂತಾ ಆಯ್ತೇ?"

"ಅಂವಂಗೇನೂ ಆಗಿಲ್ಲ ಗಂಗಕ್ಕ. ಅಂವನ ಕಾಗದದ ನಕಲು ಕಳ್ಳರ ಪಾಲಾಗಿದೆ. ತಪ್ಪು ನಂದು. ಬ್ಯಾಂಕಿನವ್ರು, ಹಡಗಿನವ್ರು ಅಂತ ಯಾರು ಫೋನು ಮಾಡಿದ್ರೂ ಏನೂ ಹೇಳ್ಬೇಡಿ. ಅಂವಂಗೂ ಹೇಳಿಡಿ."

ಗಂಗೆ ಕೂತಲ್ಲೇ ಅವಳನ್ನು ದಿಟ್ಟಿಸಿದಳು. "ಜೀವ ಹೋದಂಗಾಗಿತ್ತು ನಂಗೆ," ಎಂದಳು. ಬೈಯಲಿಲ್ಲ, ಕೂತುಕೋ ಎಂದೂ ಹೇಳಲಿಲ್ಲ. "ಇನ್ನೆಷ್ಟು ಮನೆ?"

"ಮೂವತ್ತು."

"ಆಚೆಮನೆ ಸೋಮಜ್ಜಿಗೆ ಕಿವಿ ಕೇಳೂದಿಲ್ಲ. ಕೂಗಿ ಹೇಳ್ಬೇಕು."

ಸೋಮಜ್ಜಿಯ ಮೊಮ್ಮಗನ ಹೆಸರೂ ಪಟ್ಟಿಯಲ್ಲಿತ್ತು; ಧನಲಕ್ಷ್ಮಿ ಆಚೆಮನೆಯ ಜಗಲಿಯೆದುರು ನಿಂತಳು. ಓಣಿಯ ಬಾಗಿಲುಗಳಲ್ಲೆಲ್ಲ ಜನರಿದ್ದರು. ಮುದುಕಿ ಕಿವಿಗೆ ಅಂಗೈ ಹಿಡಿದು ಕಾಯುತ್ತಿದ್ದಳು.

"ತಪ್ಪು ನಂದು, ಅಜ್ಜೀ!" ಎಂದು ಅವಳು ಇಡೀ ಓಣಿಗೆ ಕೇಳುವ ಹಾಗೆ ಕೂಗಿದಳು.