ಸ್ಯಾನ್ ಹುವಾನಿಗೆ ಹೋಗಿಬಂದ ಶರಟುಗಳು

ಆ ವರ್ಷ ನನ್ನ, ನನ್ನ ಗಂಡನ ಪಾಸ್‌ಪೋರ್ಟಿನಲ್ಲಿದ್ದ ವೀಸಾ ಸ್ಟಾಂಪಿನ ಅವಧಿ ಮುಗಿದಿತ್ತು. ಅಮೆರಿಕದ ಒಳಗೆ ಎಷ್ಟು ಬೇಕಾದರೂ ಓಡಾಡಬಹುದು, ಹೊರಗೆ ಕಾಲಿಟ್ಟರೆ ಮಾತ್ರ ಹೊಸ ಸ್ಟಾಂಪಿಲ್ಲದೆ ವಾಪಸು ಬರುವಂತಿಲ್ಲ. ಹೀಗೆ ಸಿಕ್ಕಿಕೊಂಡ ಹ್ಯೂಸ್ಟನ್ನಿನ ಕನ್ನಡದವರೆಲ್ಲ ಕಂಡುಕೊಂಡ ಉಪಾಯ ಪೋರ್ಟೊ ರಿಕೊ. ದ್ವೀಪ, ತೆಂಗಿನಮರ, ಬೇರೆ ಭಾಷೆ ಎಲ್ಲ ಇದ್ದೂ ಅದು ಅಮೆರಿಕದ್ದೇ ನೆಲ. ನಾವಿರುವ ಬಡಾವಣೆ ಕ್ಲಿಯರ್ ಲೇಕಿನ ವಾಟ್ಸ್ಯಾಪ್ ಗುಂಪಿನಲ್ಲಿ ಅದರ ರಾಜಧಾನಿ ಸ್ಯಾನ್ ಹುವಾನ್ ನೋಡದೆ ಉಳಿದವರು ನಾವಿಬ್ಬರೇ ಇರಬೇಕು.

ಕೋಟೆ, ಕಡಲು ಯಾವುದೂ ನನಗೆ ದೊಡ್ಡದಾಗಿರಲಿಲ್ಲ. ನನ್ನ ಗಂಡ ಸೋಮವಾರ ಡಲ್ಲಾಸಿಗೆ ಹಾರಿದರೆ ಗುರುವಾರ ಬರುತ್ತಿದ್ದರು. ಬಂದಮೇಲೂ ಅರ್ಧ ಮನಸ್ಸು ಲ್ಯಾಪ್‌ಟಾಪಿನಲ್ಲೇ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ವಾರವಿಡೀ ಮನೆಯಲ್ಲಿ ಬಾಯಿ ತೆರೆಯುತ್ತಿದ್ದದ್ದು ನಾನು ಮತ್ತು ಕುಕ್ಕರು. ಇಬ್ಬರೂ ಒಂದೇ ಊರಿನಲ್ಲಿ ನಾಲ್ಕು ದಿನ ಒಟ್ಟಿಗಿರಬೇಕು ಅನ್ನುವುದಷ್ಟೇ ನನ್ನ ಆಸೆ.

ಅವರು ಡಲ್ಲಾಸಿನಿಂದ ನೇರ ಅಲ್ಲಿಗೆ ಬರುವುದೆಂದಾಗಿತ್ತು. ಅದಕ್ಕೇ ಅವರ ಶರಟುಗಳನ್ನು ಇಸ್ತ್ರಿ ಮಾಡಿ ನನ್ನ ಸೂಟ್‌ಕೇಸಿನಲ್ಲೇ ತುಂಬಿದೆ. ಜೊತೆಗೆ ಅವರಿಗೆಂದು ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ. ವಿಮಾನ ಇಳಿದು ಫೋನ್ ಆನ್ ಮಾಡಿದ್ದೇ ತಡ, ಅವರ ಕಾಲ್ ಬಂತು.

"ಇಲ್ಲ ಕಣೆ, ಪ್ರಾಜೆಕ್ಟಿನ ಗೋ-ಲೈವ್ ಡೇಟ್ ಶಿಫ್ಟ್ ಆಗಿಬಿಟ್ಟಿದೆ, ಇವತ್ತು ಆಫೀಸು ಬಿಡೋ ಹಾಗಿಲ್ಲ. ನಾಳೆ ಫ್ಲೈಟ್ ಹಿಡೀತೀನಿ. ನೀನು ಎಂಜಾಯ್ ಮಾಡ್ತಿರು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆದರೂ ನಾಳೆ ಅಂದಿದ್ದಾರಲ್ಲ ಎಂದು ಹೋಟೆಲಿನ ಕಪಾಟಿನಲ್ಲಿ ಶರಟುಗಳನ್ನು ಸಾಲಾಗಿ ನೇತುಹಾಕಿದೆ. ಕೋಣೆ ಚೊಕ್ಕಟ ಮಾಡುವಾಕೆ ಅವನ್ನು ನೋಡಿ ಪ್ರತಿದಿನವೂ ಎರಡು ಟವೆಲ್, ಎರಡು ಕಾಫಿಪುಡಿ ಪೊಟ್ಟಣ ಇಟ್ಟು ಹೋಗುತ್ತಿದ್ದಳು. ಮಾರನೆಯ ದಿನವೂ ಅವರು ನಾಳೆ ಅಂದರು. ಅದರ ಮಾರನೆಯ ದಿನ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವಲಕ್ಕಿ ಒಬ್ಬಳೇ ತಿಂದೆ. ಸಿಟ್ಟಿನಲ್ಲಿ ಅವರ ಪಾಲಿನದನ್ನೂ ತಿಂದೆ.

ಹಳೆಯ ಊರಿನ ಬೀದಿಗಳಿಗೆ ನೀಲಿ ಛಾಯೆಯ ಕಲ್ಲು ಹಾಸಿದ್ದರು. ಬಾಲ್ಕನಿಗಳಲ್ಲಿ ದಾಸವಾಳ, ಬಂಡಿಯಲ್ಲಿ ಐಸ್ ಕೆರೆದು ಹುಣಸೆ ಪಾನಕ ಸುರಿದು ಕೊಡುವವರು. ನನ್ನ ಮೈಬಣ್ಣ ನೋಡಿ ಎಲ್ಲರೂ ಸ್ಪ್ಯಾನಿಷ್‌ನಲ್ಲೇ ಮಾತಾಡಿಸುತ್ತಿದ್ದರು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ನಾನು ಬರಿದೆ ನಗುತ್ತಿದ್ದೆ. ನನ್ನಂತೆಯೇ ಕಾಣುವ ಜನರ ನಡುವೆ ಅಷ್ಟು ಒಂಟಿಯಾಗಿ ನಾನು ಯಾವತ್ತೂ ನಡೆದಿರಲಿಲ್ಲ.

ಕಡಲಂಚಿನ ಕೋಟೆಯ ಮುಂದೆ ದೊಡ್ಡ ಹುಲ್ಲುಗಾವಲು. ಅಲ್ಲಿ ಕೂತಿದ್ದ ಹಣ್ಣುಗೂದಲಿನ ಒಬ್ಬಾಕೆ ನಾನು ಸೆಲ್ಫಿಗೆ ಒದ್ದಾಡುವುದನ್ನು ಕಂಡು ಕೈಚಾಚಿ ಫೋನ್ ಈಸಿಕೊಂಡು, ನನ್ನ ಹಿಂದೆ ಇಡೀ ಕೋಟೆ ಕಾಣುವವರೆಗೆ ಹಿಂದೆ ಹೋಗು, ಇನ್ನೂ ಹಿಂದೆ ಹೋಗು ಎಂದು ಸನ್ನೆ ಮಾಡಿದಳು. ಆಮೇಲೆ ಏನೋ ಹೊಳೆದು ಎದ್ದು ಬಂದು, ಗಾಳಿಗೆ ಮುಖದ ಮೇಲೆ ಹಾರುತ್ತಿದ್ದ ನನ್ನ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿ, ವಾಪಸು ಹೋಗಿ ಫೋಟೋ ತೆಗೆದಳು. ಆ ದಿನಗಳಲ್ಲಿ ನನ್ನನ್ನು ಮುಟ್ಟಿದವಳು ಅವಳೊಬ್ಬಳೇ. ನನಗೆ ಅಳು ಬಂತು.

ಫೋಟೋ ಗುಂಪಿಗೆ ಹಾಕಿದೆ. "ಸೂಪರ್! ಕ್ಯಾಮೆರಾಮನ್ ಮಾತ್ರ ಕಾಣ್ತಾನೇ ಇಲ್ಲ" ಎಂದು ಒಬ್ಬರಾದ ಮೇಲೊಬ್ಬರು ತಮಾಷೆ ಮಾಡಿದರು. ನಾನು ಒಂದು ನಗುವ ಇಮೋಜಿ ಹಾಕಿದೆ.

ಹ್ಯೂಸ್ಟನ್ನಿಗೆ ವಾಪಸು ಬಂದ ಭಾನುವಾರ ಹತ್ತಿರದ ಪೇರ್‌ಲ್ಯಾಂಡಿನ ದೇವಸ್ಥಾನಕ್ಕೆ ಹೋಗಿದ್ದೆವು. ಅಷ್ಟರೊಳಗೆ ಇವರು ಪ್ರವಾಸದ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಊಟದ ಮೇಜಿನಲ್ಲಿ ಗುಂಪಿನ ಹಿರಿಯ ಆಂಟಿಯೊಬ್ಬರು ಇವರತ್ತ ತಿರುಗಿ, "ಕೋಟೆ ಹತ್ರ ಇವಳದ್ದು ಎಷ್ಟು ಚೆನ್ನಾಗಿ ತೆಗೆದಿದೀಯಪ್ಪಾ!" ಅಂದರು.

"ಲೈಟಿಂಗ್ ಚೆನ್ನಾಗಿತ್ತು ಆಂಟಿ," ಎಂದರು ನನ್ನ ಗಂಡ, ಪುಳಿಯೋಗರೆ ಕಲಸುತ್ತಾ.

ಮರ್ಯಾದೆಗೆ ಹೇಳಿದ ಮಾತು ಎಂದು ನನಗೂ ಗೊತ್ತಿತ್ತು. ಆದರೆ ಒಬ್ಬಳೇ ಇದ್ದೆ ಅನ್ನುವುದೊಂದೇ ಆ ಊರಿನಲ್ಲಿ ನನಗೆ ಸಿಕ್ಕಿದ್ದು. ಈಗ ಅದನ್ನೂ ತಮ್ಮದು ಮಾಡಿಕೊಂಡರಲ್ಲ!

"ಇವರು ಬಂದೇ ಇರ್ಲಿಲ್ಲ ಆಂಟಿ. ಇವರ ಶರಟುಗಳು ಬಂದಿದ್ವು. ನಾನೊಬ್ಬಳೇ ಹೋಗಿದ್ದೆ."

ನಾನಂದುಕೊಂಡದ್ದಕ್ಕಿಂತ ದೊಡ್ಡ ದನಿಯಲ್ಲೇ ಬಂತು. ಪಕ್ಕದ ಮೇಜಿನವರೂ ತಿರುಗಿದರು. ಆಂಟಿ ನನ್ನ ತಟ್ಟೆಗೆ ಇನ್ನೊಂದು ಸೌಟು ಮೊಸರನ್ನ ಹಾಕಿದರು.

ವಾಪಸು ಬರುವಾಗ ಕಾರು ಅವರು ಓಡಿಸುತ್ತಿದ್ದರು. ರಸ್ತೆ ನೋಡುತ್ತಲೇ ಕೇಳಿದರು: "ಮತ್ತೆ ಆ ಫೋಟೋ ಯಾರು ತೆಗೆದದ್ದು?"

ಹೇಳಬಾರದು ಅಂದುಕೊಂಡೆ. ಆಮೇಲೆ ವಿಮಾನ ಇಳಿದಲ್ಲಿಂದ ಶುರುಮಾಡಿದೆ. ಎರಡು ಟವೆಲ್, ತಿಂದು ಮುಗಿಸಿದ ಅವಲಕ್ಕಿ, ನೀಲಿ ಕಲ್ಲು. ನಮ್ಮ ಮನೆ ಬಂದರೂ ನಾನಿನ್ನೂ ಆ ಹುಲ್ಲುಗಾವಲಿಗೆ ತಲುಪಿರಲಿಲ್ಲ. ಅವರ ಜೇಬಿನಲ್ಲಿ ಫೋನ್ ಎರಡು ಸಲ ಗುರ್ ಅಂದಿತು. ಅವರು ಎಂಜಿನ್ ಆರಿಸಿ, ಸೀಟ್‌ಬೆಲ್ಟ್ ಬಿಚ್ಚದೆ, ಕೂತೇ ಇದ್ದರು.