ತಂದೆ ಗೊತ್ತಿಲ್ಲದ ಗಿಡ

ಇವತ್ತು ಬೆಳಿಗ್ಗೆ ಹಿತ್ತಲು ಗುಡಿಸುವಾಗ ಉದುರಿದ ಸೀತಾಫಲದ ಎಲೆಗಳನ್ನು ಬಾಚಿ ಎತ್ತಿದೆ. ಅವುಗಳಲ್ಲಿ ಒಂದೆರಡು ಇನ್ನೂ ಹಸಿಯಾಗಿದ್ದವು, ಅಂಗೈಯಲ್ಲಿ ನುರಿದವು. ಆ ವಾಸನೆ ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದಿದ್ದರೆ ಅವಸರವೇನೂ ಇಲ್ಲ. ಹಣ್ಣು ಎಷ್ಟು ಸಿಹಿಯೋ ಎಲೆ ಅಷ್ಟೇ ಕಟು. ಗೋಡೆಗೆ ಅಂಟಿಸಿದ ಸಿನಿಮಾ ಕಾಗದವನ್ನೂ ಬಿಡದ ಆಡು ಕೂಡ ಇದನ್ನು ಮೂಸಿ, ಮುಖ ತಿರುಗಿಸಿ ಹೋಗುತ್ತದೆ. ನನ್ನ ಹೆಂಡತಿ ನಾಗಮಣಿ ದಿನವೂ ಕೆಲಸ ಮುಗಿಸಿ ಮನೆಗೆ ಬರುತ್ತಿದ್ದದ್ದು ಈ ವಾಸನೆ ಹೊತ್ತುಕೊಂಡೇ. ಮದುವೆಯ ಹೊಸತರಲ್ಲಿ ನಾನು ಮೂಗು ಮುರಿಯುತ್ತಿದ್ದೆ. ಆಮೇಲೆ ರೂಢಿಯಾಯಿತು. ಈಗ ಅದು ಬಂದರೆ ಸಿಟ್ಟು ಬರುತ್ತದೆ. ದುಃಖವಲ್ಲವೇ ಬರಬೇಕಾದದ್ದು ಎಂದು ನೀವು ಕೇಳಬಹುದು. ಎಲ್ಲರೂ ಕೇಳುತ್ತಾರೆ. ಏನು ಮಾಡಲಿ, ಬರುವುದು ಸಿಟ್ಟೇ.

ನಮ್ಮದು ತೆಲುಗು ಸೀಮೆಯ ಗಡಿಯಲ್ಲಿ ನಾರಾಯಣಪೇಟೆ ಸೀರೆ ನೇಯುವ ಮನೆ. ನಾನು ಹತ್ತನೆಯ ತರಗತಿ ಮುಗಿಸಿ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವನು. ಆಕೆಯೂ ಅದೇ ಓಣಿಯ ನೇಕಾರರ ಮಗಳು. ಆದರೆ ಓದಿದಳು, ಮತ್ತೂ ಓದಿದಳು, ಕೊನೆಗೆ ಜೂರಾಲ ಅಣೆಕಟ್ಟಿನ ಕಾಲುವೆ ನೀರು ಬರುವ ಕಡೆ ಒಂದು ಸಣ್ಣ ಹಣ್ಣಿನ ಸಂಶೋಧನಾ ತೋಟದಲ್ಲಿ ಕೆಲಸಕ್ಕೆ ಸೇರಿದಳು. ನಾವು ನಡುವೆ ಮಕ್ತಲದಲ್ಲಿ ಮನೆ ಮಾಡಿದೆವು. ನನಗೆ ಈ ಕಡೆಯ ಬಸ್ಸು, ಆಕೆಗೆ ಆ ಕಡೆಯ ಬಸ್ಸು. ಹೆಸರಿನ ಹಿಂದೆ ಡಾಕ್ಟರ್ ಎಂದಿದ್ದುದರಿಂದ ಓಣಿಯವರು ಕೆಮ್ಮು ನೆಗಡಿಗೂ ನಮ್ಮ ಬಾಗಿಲು ತಟ್ಟುತ್ತಿದ್ದರು. "ನಾ ಗಿಡದ ಡಾಕ್ಟರ್ ಅದೀನ್ರೀ" ಎಂದರೆ, "ಜರಾ ನೋಡ್ರೀ ಅಮ್ಮ, ಗಿಡಕ್ಕ ಕೆಮ್ಮು ಬರಂಗಿಲ್ಲೇನು" ಎನ್ನುತ್ತಿದ್ದರು. ಮಗ್ಗದ ಗೆಳೆಯರ ಬಾಯಿಗೆ ನಾನು ಸಿಗುತ್ತಿದ್ದೆ. "ಹೆಂಡ್ತಿ ಹೂವಿಗೆ ಲಗ್ನ ಮಾಡಸ್ತಾಳ, ಗಂಡ ಧಾರಿ ಸೀರಿ ನೇಯ್ತಾನ. ನಿಮ್ಮ ಮನ್ಯಾಗ ಪುರೋಹಿತ ಒಬ್ಬ ಕಡಿಮಿ ನೋಡು."

ಅವರು ಹೇಳಿದ್ದು ಸುಳ್ಳಲ್ಲ. ಸೀತಾಫಲದ ಹೂವನ್ನು ನೀವು ಹಣ್ಣು ತಿನ್ನುವಾಗ ನೆನೆದಿರಲಿಕ್ಕಿಲ್ಲ. ಹಸಿರು, ದಪ್ಪ ಎಸಳು, ಚಂದವೆನ್ನಲು ಏನೂ ಇಲ್ಲ. ಒಂದೇ ಹೂವು ಮೊದಲು ಹೆಣ್ಣಾಗಿರುತ್ತದೆ, ಆ ಹೊತ್ತು ಕಳೆದ ಮೇಲೆ ಗಂಡಾಗುತ್ತದೆ. ಪರಾಗ ಬರುವಷ್ಟರಲ್ಲಿ ಅದನ್ನು ಬೇಕೆನ್ನುವ ಹೊತ್ತು ಮುಗಿದಿರುತ್ತದೆ. ಅದಕ್ಕೇ ಬಂಡೆಗುಡ್ಡದ ಮೇಲಿನ ಕಾಡು ಗಿಡಗಳಲ್ಲಿ ಹೂವು ರಾಶಿ ರಾಶಿ, ಕಾಯಿ ಕಡಿಮೆ. ನಾಗಮಣಿ ಸಂಜೆ ಒಂದು ಗಿಡದ ಪರಾಗವನ್ನು ಡಬ್ಬಿಗೆ ಉದುರಿಸಿಕೊಂಡು, ಬೆಳಕು ಹರಿಯುವಾಗ ಇನ್ನೊಂದು ಗಿಡದ ಹೂವಿಗೆ ಸಣ್ಣ ಕುಂಚದಿಂದ ಹಚ್ಚುತ್ತಿದ್ದಳು. ಬೀಜ ಕಡಿಮೆ ಇರುವ, ಗದ್ವಾಲದಿಂದ ರಾಯಚೂರಿಗೆ ಹೋಗುವಷ್ಟರಲ್ಲಿ ಬಿರಿದು ಬುಟ್ಟಿಯೆಲ್ಲ ಅಂಟಾಗದ ಒಂದು ಹಣ್ಣು ಬೇಕು ಎಂಬುದು ಆಕೆಯ ಹಟ. ಹೂವಿನ ತಿಂಗಳುಗಳಲ್ಲಿ ನಾವಿಬ್ಬರೂ ಆ ಹೂವಿನ ಹಾಗೇ ಇದ್ದೆವು. ಆಕೆ ಎದ್ದಾಗ ನಾನು ಮಲಗಿರುತ್ತಿದ್ದೆ, ನಾನು ಬಂದಾಗ ಆಕೆಗೆ ನಿದ್ದೆ.

ಯಾವ ಹೂವಿಗೆ ಯಾವ ಗಿಡದ ಪರಾಗ ಎಂಬುದಕ್ಕೆ ಗುರುತು ಬೇಕು. ತೋಟದಲ್ಲಿ ಕೊಡುತ್ತಿದ್ದ ಕಾಗದದ ಚೀಟಿ ಮಳೆಗೆ ಮುದ್ದೆಯಾಗುತ್ತಿತ್ತು. ಸೀರೆ ಇಳಿಸಿದ ಮೇಲೆ ಮಗ್ಗದಲ್ಲಿ ಉಳಿಯುವ ನೂಲಿನ ತುದಿಗಳನ್ನು ನಾನೇ ಕಟ್ಟು ಮಾಡಿ ಕೊಟ್ಟೆ. ನಮ್ಮ ಅಂಚಿನ ಬಣ್ಣ ಬಿಸಿಲಿಗೂ ಬಿಡುವುದಿಲ್ಲ, ನೀರಿಗೂ ಬಿಡುವುದಿಲ್ಲ. ಪರಾಗ ಕೊಟ್ಟ ಗಿಡವೇ ತಂದೆ: ಕೆಂಪು ದಾರ ಒಂದು ತಂದೆ, ಹಳದಿ ಒಂದು ತಂದೆ, ಹಸಿರು ಇನ್ನೊಂದು. ಆ ವರ್ಷ ತೋಟಕ್ಕೆ ಹೋದಾಗ ಗಿಡಗಳು ಮದುಮಕ್ಕಳ ಹಾಗೆ ನಿಂತಿದ್ದವು, ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಮುಂದೆ ಆದದ್ದು ನಮ್ಮ ಕಡೆ ಮಾತ್ರ ಆಗುವಂಥದ್ದು. ಕಳೆ ತೆಗೆಯಲು ಬರುವ ಹೆಂಗಸರು ನೋಡಿದರು: ದಾರ ಕಟ್ಟಿದ ಹೂವೆಲ್ಲ ಕಾಯಾಗುತ್ತಿದೆ, ಕಟ್ಟದ್ದು ಉದುರುತ್ತಿದೆ. ದಾರ ಕಟ್ಟಿದರೆ ಫಲ ಕೊಡುವ ಗಿಡಕ್ಕೆ ನಮ್ಮಲ್ಲಿ ಒಂದೇ ಅರ್ಥ. ಮಗಳಿಗೆ ಮಕ್ಕಳಾಗದವರು, ಮಗನಿಗೆ ಹೆಣ್ಣು ಸಿಗದವರು, ಎಮ್ಮೆ ಗಬ್ಬವಾಗದವರು ತಮ್ಮ ತಮ್ಮ ದಾರ ತಂದು ಕಟ್ಟಿದರು. ಮಂಗಳವಾರ ಪಕ್ಕದ ಊರಿನವರೂ ಬಂದರು. ನಾಗಮಣಿ ಎರಡು ದಿನ ಒಂದು ತರಬೇತಿಗೆ ಹೋಗಿ ಬರುವಷ್ಟರಲ್ಲಿ ಗಿಡಗಳಿಗೆ ಅರಿಶಿನ ಬಳಿದಾಗಿತ್ತು, ಯಾವ ಕೆಂಪು ತನ್ನದು ಯಾವ ಕೆಂಪು ಹರಕೆಯದು ತಿಳಿಯುವಂತಿರಲಿಲ್ಲ.

ಕಳೆ ತೆಗೆಯುವ ಹೆಂಗಸರ ಗುಂಪಿಗೆ ಮೇಟಿ, ಅಂದರೆ ಮುಂದಾಳು, ತಿಪ್ಪಮ್ಮ. ನಾಗಮಣಿ ಅವಳನ್ನು ಕರೆದು ಮೆಲ್ಲಗೆ, ಇದು ದೇವರ ಗಿಡವಲ್ಲ, ಆ ದಾರ ನನ್ನ ಲೆಕ್ಕಕ್ಕೆ ಕಟ್ಟಿದ್ದು ಎಂದು ಹೇಳಿದಳು. ತಿಪ್ಪಮ್ಮನಿಗೆ ನಾಚಿಕೆಯಾಯಿತು. ಮರುದಿನ ನಾಗಮಣಿ ಹೋಗುವುದರೊಳಗೆ ಅವರೆಲ್ಲ ಸೇರಿ, ಒಂದು ಎಳೆಯನ್ನೂ ಬಿಡದೆ, ಎಲ್ಲ ದಾರ ಬಿಚ್ಚಿ ಒಂದು ಬುಟ್ಟಿಯಲ್ಲಿ ತುಂಬಿ ಇಟ್ಟಿದ್ದರು. "ತಪ್ಪಾತ್ರೀ ಅಮ್ಮ. ಒಂದೂ ಉಳಿಸಿಲ್ರೀ, ನೋಡ್ಕೊಳ್ರಿ" ಎಂದಳಂತೆ ತಿಪ್ಪಮ್ಮ, ಬುಟ್ಟಿ ಮುಂದಿಟ್ಟು. ನಾಗಮಣಿ ನೆಲದ ಮೇಲೆ ಕೂತು ನಕ್ಕಳಂತೆ, ಕಣ್ಣಲ್ಲಿ ನೀರು ಬರುವಷ್ಟು. ನನಗೆ ಅದನ್ನು ಹೇಳುವಾಗಲೂ ನಕ್ಕಳು. ನಾನು ನಗಲಿಲ್ಲ. ಒಂದು ವರ್ಷದ ಬೆಳಗಿನ ನಿದ್ದೆ ಆ ಬುಟ್ಟಿಯಲ್ಲಿತ್ತು.

ಗುರುತಿಲ್ಲದ ಆ ಕಾಯಿಗಳ ಬೀಜವನ್ನು ಎಸೆಯಿರಿ ಎಂದರು ತೋಟದ ಮುಖ್ಯಸ್ಥರು. ಅವರನ್ನು ಎಲ್ಲರೂ ದೊಡ್ಡ ಸಾರ್ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಆಕೆ ಎಸೆಯಲಿಲ್ಲ. ಬೇಲಿಯ ಪಕ್ಕದ ಸಾಲಿನಲ್ಲಿ ಬಿತ್ತಿದಳು. ಕೆಲವು ವರ್ಷದ ಮೇಲೆ ಆ ಸಾಲಿನ ಒಂದು ಗಿಡದಲ್ಲಿ ಆಕೆ ಹುಡುಕುತ್ತಿದ್ದ ಹಣ್ಣು ಬಿಟ್ಟಿತು. ತಿರುಳು ಗಟ್ಟಿ, ಬೀಜ ವಿರಳ, ಮಾಗಿದರೂ ಚರ್ಮ ಬಿರಿಯುತ್ತಿರಲಿಲ್ಲ. ಒಂದನ್ನು ಬಸ್ಸಿನಲ್ಲಿ ಕೈಚೀಲದಲ್ಲಿಟ್ಟು ತಂದು, ನನ್ನ ಮುಂದೆ ಇಟ್ಟು, ನಾನು ತಿನ್ನುವುದನ್ನೇ ನೋಡುತ್ತ ಕೂತಿದ್ದಳು. ದೊಡ್ಡ ಸಾರ್ ಕೂಡ ತಿಂದರು. ತಿಂದು ಬಾಯಿ ಒರೆಸಿಕೊಂಡು ಹೇಳಿದರು: "ಚಲೋ ಐತಮ್ಮ. ಆದ್ರ ತಂದಿ ಯಾರಂತ ಬರೀಲಿ? ತಂದಿ ಗೊತ್ತಿಲ್ಲದ ಗಿಡ ಮ್ಯಾಲ ಕಳಿಸಿದ್ರ ನನ್ನ ಇಜ್ಜತ್ ಏನಾಗ್ತದ?"

"ಬೀದ್ಯಾಗ ಮಾರೋ ಮಾವಿನಹಣ್ಣಿಗೆ ತಂದಿ ಯಾರಂತ ಯಾರರ ಕೇಳ್ಯಾರೇನ್ ಸಾರ್? ರುಚಿ ನೋಡಿ ಆರಿಸಿಕೊಂಡು ಬಂದಿದ್ದೇ ನಮ್ಮ ಅರ್ಧ ಹಣ್ಣು."

"ಅದು ಬೀದಿ. ಇದು ದಫ್ತರ."

ಈ ಮಾತುಗಳನ್ನು ಆಕೆ ಇಬ್ಬರ ದನಿಯಲ್ಲೂ ಆಡಿ ತೋರಿಸಿದ್ದಳು. ಆ ಮೇಲೆ ಪ್ರತಿ ವರ್ಷ ಕೇಳಿದಳು, ಪ್ರತಿ ವರ್ಷ ಅದೇ ಜವಾಬು. ಒಂದು ಮಾಘ ಮಾಸದಲ್ಲಿ ಆ ಗಿಡದ ಕುಡಿ ತಂದು ನಮ್ಮ ಹಿತ್ತಲಿನ ಕಾಡು ಸೀತಾಫಲದ ಸಸಿಗೆ ಕಸಿ ಕಟ್ಟಿದಳು. "ಇಲ್ಲಿ ಯಾರ ಇಜ್ಜತ್ತೂ ಹೋಗಂಗಿಲ್ಲ" ಎಂದಳು.

ಈಗ ಹೇಳಲೇಬೇಕಾದದ್ದಕ್ಕೆ ಬರುತ್ತೇನೆ. ಆಕೆಗೆ ಎದೆಯಲ್ಲಿ ಗಂಟು ಕೈಗೆ ತಾಗಿದ್ದು ಹೂವಿನ ಕಾಲದಲ್ಲಿ. ರಾಯಚೂರಿಗೆ ಹೋಗೋಣ ಎಂದೆ. "ಹೂವಿನ ಕಾಲ ಮುಗೀಲಿ." ಮತ್ತೆ ಹೇಳಿದೆ. "ಹೂವು ನಿಲ್ಲಂಗಿಲ್ಲ, ದವಾಖಾನಿ ನಿಂತಿರ್ತೈತಿ." ಕೂಗಾಡಬಹುದಿತ್ತು, ಆದರೆ ನಮ್ಮ ಮನೆಯಲ್ಲಿ ಕೂಗಾಟದ ಪದ್ಧತಿ ಇರಲಿಲ್ಲ. ಆಕೆ ಬೆಳಕು ಹರಿಯುವ ಮುಂಚೆ ಡಬ್ಬಿ ಕುಂಚ ಹಿಡಿದು ಹೋಗಿಬಿಟ್ಟಿರುತ್ತಿದ್ದಳು, ಜಗಳಕ್ಕೆ ಎದುರಿಗೆ ಮನುಷ್ಯರು ಬೇಕಲ್ಲ. ಹೂವು ಮುಗಿದ ಮೇಲೆ ರಾಯಚೂರಿಗೆ ಹೋದೆವು. ತಡವಾಗಿದೆ ಎಂದರು. ಮುಂದಿನ ಹೂವಿನ ಕಾಲವನ್ನು ಆಕೆ ನೋಡಲಿಲ್ಲ. ಹಿತ್ತಲಿನ ಗಿಡ ಆಗಿನ್ನೂ ಒಂದು ಹಣ್ಣೂ ಬಿಟ್ಟಿರಲಿಲ್ಲ.

ಮಾತನಾಡಿಸಲು ಬಂದವರೆಲ್ಲ ಒಂದೇ ಪಾಠ ಒಪ್ಪಿಸಿದರು: ಅಮ್ಮ ಎಲ್ಲಿಗೂ ಹೋಗಿಲ್ಲ, ಬೆಳೆಸಿದ ಗಿಡದಲ್ಲಿ ಇದ್ದಾರೆ, ಹಣ್ಣಿನಲ್ಲಿ ಇದ್ದಾರೆ. ನಾನು ತಲೆಯಾಡಿಸಿ ಚಹಾ ಕೊಟ್ಟೆ. ನಿಮಗೆ ಹೇಳುತ್ತೇನೆ, ಆಕೆ ಹಣ್ಣಿನಲ್ಲಿ ಇಲ್ಲ. ಮೊದಲ ಫಸಲು ಬಂದಾಗ ಒಬ್ಬನೇ ಕೂತು ತಿಂದು ನೋಡಿದ್ದೇನೆ. ಅದು ಒಳ್ಳೆಯ ಸೀತಾಫಲ, ಅಷ್ಟೆ. ಅದರಿಂದ ನನ್ನ ಸಿಟ್ಟು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಆ ಹಣ್ಣುಗಳಲ್ಲಿ ಕೆಲವನ್ನು ತಿಪ್ಪಮ್ಮನಿಗೆ ಕೊಟ್ಟೆ. ಅವಳು ತೋಟದಲ್ಲಿ ಹಂಚಿದಳು. ಹೋದ ವಾರ ದೊಡ್ಡ ಸಾರ್ ಜೀಪಿನಲ್ಲಿ ನಮ್ಮ ಮನೆಗೆ ಬಂದರು, ಕೈಯಲ್ಲಿ ಕತ್ತರಿ, ಒದ್ದೆ ಗೋಣಿತಟ್ಟು. ಜೊತೆಗೆ ತಿಪ್ಪಮ್ಮ. ಆಕೆ ತೀರಿಕೊಂಡ ವರ್ಷವೇ ಬೇಲಿಯ ಪಕ್ಕದ ಸಾಲನ್ನು ಕಿತ್ತು ಸಾಮಾನಿನ ಶೆಡ್ಡು ಕಟ್ಟಿದ್ದಾರೆಂದು ನನಗೆ ತಿಳಿದದ್ದು ಆಗ. ಈಗ ಮೇಲಿನವರು ಬಿರಿಯದ ಹಣ್ಣು ಕೇಳುತ್ತಿದ್ದಾರಂತೆ. ಆ ತಳಿ ಲೋಕದಲ್ಲಿ ಉಳಿದಿರುವುದು ನಮ್ಮ ಹಿತ್ತಲಿನಲ್ಲಿ, ಒಂದೇ ಒಂದು.

"ಅಮ್ಮಗಾರಿ ಪೇರು ಪೆಡತಾಂ" ಎಂದರು ಸಾರ್ ತೆಲುಗಿನಲ್ಲಿ, ಅಮ್ಮನವರ ಹೆಸರನ್ನೇ ಇಡುತ್ತೇವೆ ಎಂದು, ದೊಡ್ಡ ಮನಸ್ಸು ಮಾಡಿದವರ ದನಿಯಲ್ಲಿ.

ನಾನು ಗಿಡಕ್ಕೆ ಅಡ್ಡ ನಿಂತೆ. "ಮುಟ್ಟಬ್ಯಾಡ್ರೀ ಸಾರ್."

"ಇದು ನಾಲ್ಕು ಮಂದಿಗೆ ಉಪಯೋಗ ಆಗೋದಲ್ರೀ. ಅಮ್ಮ ಇದ್ದಿದ್ರ ಬ್ಯಾಡ ಅಂತಿದ್ರೇನು?"

"ಅಮ್ಮ ಇದ್ದಾಗ ನೀವೇ ಬ್ಯಾಡ ಅಂದ್ರಿ."

ಅವರು ಹೋದರು. ತಿಪ್ಪಮ್ಮ ಜೀಪು ಹತ್ತುವ ಮುಂಚೆ ಹಿಂದಿರುಗಿ ಬಂದು ಪಿಸುಗುಟ್ಟಿದಳು. "ಸಾರ್‌ಗೆ ಬೈದಿದ್ದು ಚಲೋ ಆತ್ರೀ. ಆದ್ರ ಗಾಳಿಗೆ ಈ ಗಿಡ ಮುರೀತಂದ್ರ ಯಾರಿಗೆ ಬೈತೀರಿ?"

ಎರಡು ದಿನ ಆ ಮಾತು ನನ್ನನ್ನು ಮಗ್ಗದಲ್ಲೂ ಬಿಡಲಿಲ್ಲ. ಗಿಡ ಇದ್ದರೆ ನನ್ನ ಸಿಟ್ಟಿಗೆ ಒಂದು ಕಾವಲುಗಾರನ ಕೆಲಸವಾದರೂ ಇತ್ತು. ಕೊಟ್ಟುಬಿಟ್ಟರೆ ಏನು ಮಾಡುವುದು? ಆದರೂ ಮೂರನೆಯ ದಿನ ತಿಪ್ಪಮ್ಮನಿಗೆ ಹೇಳಿ ಕಳಿಸಿದೆ: ಹೊಲದ ಬದುವಿನಲ್ಲಿ ಕಾಡು ಸೀತಾಫಲ ಇದ್ದವರು ಯಾರು ಬೇಕಾದರೂ ಬರಲಿ, ಕುಡಿ ಕೊಡುತ್ತೇನೆ. ಕಸಿ ಕಟ್ಟುವುದನ್ನು ಅವಳಿಗೆ ಕಲಿಸಿದವಳು ನಾಗಮಣಿಯೇ.

ಇವತ್ತು ಹಿತ್ತಲು ಗುಡಿಸಿದ್ದು ಅದಕ್ಕೇ. ರಾಜೋಳಿಯಿಂದ ಮೋಟಾರು ಸೈಕಲ್ಲಿನಲ್ಲಿ ಇಬ್ಬರು ಬಂದರು, ವಡ್ಡೆಪಲ್ಲಿಯಿಂದ ಬಸ್ಸಿನಲ್ಲಿ ಒಂದು ಕುಟುಂಬ, ಮಿಕ್ಕವರು ಸುತ್ತಿನವರು. ಬಿಸಿಲೇರಿದ ಮೇಲೆ ಜೀಪೂ ಬಂತು. ಸಾರ್ ನೇರ ಗಿಡದ ಹತ್ತಿರ ನಡೆದರು.

"ಪಾಳಿ ಐತ್ರೀ ಸಾರ್" ಎಂದಳು ತಿಪ್ಪಮ್ಮ.

"ನಾ ಸರ್ಕಾರಿ ಕೆಲಸದ ಮ್ಯಾಲ ಬಂದೀನಿ ತಿಪ್ಪಮ್ಮ."

"ಇವ್ರೂ ಕೆಲಸ ಬಿಟ್ಟೇ ಬಂದಾರ್ರೀ. ರಾಜೋಳಿ ಗೌಡರ ಹಿಂದ ನೆಳ್ಳು ಐತಿ, ಅಲ್ಲಿ ನಿಲ್ರಿ."

ಅವರು ನನ್ನ ಮುಖ ನೋಡಿದರು. ನಾನು ಕುಡಿ ಕತ್ತರಿಸುತ್ತಿದ್ದೆ. ಅವರು ಹೋಗಿ ಗೌಡರ ಹಿಂದೆ ನಿಂತರು. ಸರದಿ ಬಂದಾಗ ಉಳಿದವರಿಗೆ ಕೊಟ್ಟಷ್ಟೇ ಅವರಿಗೂ ಕೊಟ್ಟೆ.

ಎಲ್ಲರೂ ಹೋದ ಮೇಲೆ ನೋಡಿದರೆ ಗಿಡದಲ್ಲಿ ದಪ್ಪ ಕೊಂಬೆಗಳಷ್ಟೇ ಉಳಿದಿದ್ದವು. ಈ ವರ್ಷ ಹಣ್ಣು ಬಿಡುತ್ತದೋ ಇಲ್ಲವೋ. ಕಾಯಲು ಏನೂ ಇರಲಿಲ್ಲ, ಅಡ್ಡ ನಿಲ್ಲಲು ಯಾರೂ ಎದುರಿಗಿರಲಿಲ್ಲ. ಸಿಟ್ಟು ಮಾತ್ರ ಇದ್ದಲ್ಲೇ ಇತ್ತು. ಅದು ಯಾರ ಮೇಲಿನದೆಂದು ಆಗ ಮುಚ್ಚಿಕೊಳ್ಳಲು ಆಗಲಿಲ್ಲ. ಹಿತ್ತಲಿನ ನಡುವೆ ನಿಂತು ಬೈದೆ. ದವಾಖಾನೆ ನಿಂತಿರುತ್ತದೆ ಎಂದೆಯಲ್ಲ, ನಾನು ನಿಂತಿರುತ್ತೇನೆ ಎಂದು ಒಮ್ಮೆಯಾದರೂ ಅನ್ನಿಸಲಿಲ್ಲವೇ ಎಂದು ದನಿ ಎತ್ತಿ ಬೈದೆ. ಮದುವೆಯಾದಾಗಿನಿಂದ ಆಡದೆ ಇಟ್ಟುಕೊಂಡಿದ್ದ ಮಾತುಗಳೂ ಬಂದವು.

ಪಕ್ಕದ ಮನೆಯ ಅಜ್ಜಿ ಗೋಡೆಯ ಮೇಲಿಂದ ಇಣುಕಿದಳು. "ಯಾರ ಜೋಡಿ ಜಗಳಾಡಾಕತ್ತೀಯಪ್ಪ?"

"ನಮ್ಮ ಮನಿಯಾಕಿ ಜೋಡಿರೀ" ಎಂದೆ.

ಅಜ್ಜಿ "ಆಡು, ಆಡು" ಎಂದು ತಲೆ ಕೆಳಗಿಳಿಸಿದಳು.